ಕೆಂಪು ಪೆಟ್ಟಿಗೆಯ ಬೀಗದ ಕೈ

ಶಿವಾಜಿನಗರ, ಬೆಂಗಳೂರು
14 ಜುಲೈ 2024, ಭಾನುವಾರ

ಗೆಳೆಯ ಅಮರಪ್ಪನಿಗೆ,

ನಿನ್ನ ಇನಾಯತ್ ಉಲ್ಲಾನ ಸಲಾಮೂ ಇದೆ, ನಮಸ್ಕಾರವೂ ಇದೆ. ಯಾವುದು ಬೇಕೋ ನೀನು ಇಟ್ಕೋ, ಉಳಿದದ್ದು ಜಟ್ಟೆಮ್ಮ ಅತ್ತಿಗೆಗೆ ಕೊಡು. ಯುಗಾದಿ ಆದ ಮೇಲೆ ನೀನು ಹಾಕಿದ ಕಾಗದಕ್ಕೆ ಇವತ್ತು ಉತ್ತರ ಬರೀತಿದ್ದೀನಿ. ಬೈಯಬೇಡ. ಐದನೇ ಕ್ಲಾಸಿಗೇ ಪುಸ್ತಕ ಮುಚ್ಚಿದ ಕೈ ಇದು. ಒಂದು ಕೋಳಿ ಬಿಡಿಸೋಕೆ ಒಂದು ನಿಮಿಷ ಸಾಕು, ಒಂದು ಸಾಲು ಬರೆಯೋಕೆ ಅರ್ಧ ದಿನ ಬೇಕು. 'ಫೋನ್ ಹಚ್ಚಲೇ' ಅಂತೀಯ. ಹಚ್ಚಬಹುದು. ಆದ್ರೆ ನಾನು ಹಲೋ ಅನ್ನೋದೇ ತಡ, ನೀನು ನಗೋಕೆ ಶುರು ಮಾಡ್ತೀಯ. ಈ ವಿಷಯಕ್ಕೆ ನೀನು ನಗಬಾರದು. ನಕ್ಕರೂ ನನಗೆ ಕೇಳಿಸಬಾರದು. ಅದಕ್ಕೇ ಕಾಗದ.

ಸಿಂಧನೂರಿನ ಬಸ್‌ಸ್ಟ್ಯಾಂಡ್ ಎದುರು ನಿನ್ನ ಮಿರ್ಚಿ ಅಂಗಡಿ ಹೇಗೆ ನಡೀತಿದೆ? ರಾಮಮೂರ್ತಿ ನಗರದ ನಿನ್ನ ರೂಮಿನಲ್ಲಿ ಈಗ ಯಾರೋ ಡ್ರೈವರ್ ಇದ್ದಾನೆ. ನೀನು ಹಚ್ಚಿಕೊಟ್ಟ ತಿಳಿನೀಲಿ ಬಣ್ಣ ತೆಗೆದು ಗುಲಾಬಿ ಹೊಡೆಸಿದ್ದಾನೆ, ಬಾಗಿಲ ಮುಂದೆ ನಿಂತ್ರೆ ಐಸ್‌ಕ್ರೀಮ್ ಅಂಗಡಿ ಅನ್ಸುತ್ತೆ.

ಇನ್ನು ನಮ್ಮ ಕೋಳಿ ಕಂಪನಿ ಸಮಾಚಾರ. ನೀನು ಬಿಟ್ಟು ಹೋದ ಮೇಲೆ ಕೆ.ಆರ್. ಪುರಕ್ಕೆ ಒಬ್ಬ ಹೊಸ ಅಳಿಯ ಬಂದಿದ್ದಾನೆ. ಅವನಿಗೆ ಎಸಿ ರೂಮೇ ಬೇಕು, ಅವನ ಮೇಲೆ ನೀರು ಬೀಳಬಾರದು, ಅವನಿಗೆ ನೆಗಡಿ ಬಂದ್ರೆ ಪುಣೆಯಿಂದ ಇಂಜಿನಿಯರ್ ಬರಬೇಕು. ಎಕ್ಸ್‌ರೇ ಮೆಷಿನ್, ಗುರು. ಇಂದಿರಾನಗರದ ಯಾವುದೋ ಹೋಟೆಲಲ್ಲಿ ಯಾರೋ ನಮ್ಮ ಬೋನ್‌ಲೆಸ್ ಕಬಾಬ್ ಕಚ್ಚಿ ಹಲ್ಲು ಮುರ್ಕೊಂಡ್ರಂತೆ. 'ಹಲ್ಲೂ ಮೂಳೇನೇ ಅಲ್ವಾ ಮೇಡಂ, ಕೋಳೀದು ಯಾವುದು, ಅವರದು ಯಾವುದು ಅಂತ ಹೇಗೆ ಗೊತ್ತಾಯ್ತು?' ಅಂತ ಕೇಳಿದೆ. ಕ್ವಾಲಿಟಿ ನೋಡೋ ಮಾರಿಯಾ ಮೇಡಂ ನಗಲಿಲ್ಲ. ಮುಂದಿನ ತಿಂಗಳೇ ಮೆಷಿನ್ ಬಂತು.

ನೋಡೋಕೆ ಏನಿಲ್ಲ. ಬೆಲ್ಟ್ ಮೇಲೆ ಪ್ಯಾಕೆಟ್ ಹೋಗುತ್ತೆ, ಸೀಸದ ಪರದೆ ಸರಿಸ್ಕೊಂಡು ಒಳಗೆ ನುಗ್ಗುತ್ತೆ, ಆ ಕಡೆಯಿಂದ ಹೊರಗೆ ಬರುತ್ತೆ. ಪ್ಯಾಕೆಟ್ ಬಿಚ್ಚೋ ಹಾಗೇ ಇಲ್ಲ. ಅಷ್ಟರಲ್ಲಿ ಒಳಗಿರೋದೆಲ್ಲ ಟಿವಿಯಲ್ಲಿ ಬಂದಿರುತ್ತೆ. ಮಾಂಸ ಬೂದಿ ಬಣ್ಣ. ಮೂಳೆ ಚೂರು, ಕಲ್ಲು, ಚಾಕುವಿನ ತುದಿ, ಏನೇ ಗಟ್ಟಿ ಇದ್ರೂ ಕಪ್ಪು. ಕಪ್ಪು ಕಂಡ್ರೆ ಒಂದು ಕಬ್ಬಿಣದ ಕೈ ಬಂದು ಪ್ಯಾಕೆಟ್ಟನ್ನ ಪಕ್ಕದ ಕೆಂಪು ಪೆಟ್ಟಿಗೆಗೆ ತಳ್ಳುತ್ತೆ. ಆ ಪೆಟ್ಟಿಗೆಗೆ ಬೀಗ. ಯೋಚನೆ ಮಾಡು ಅಮರಾ, ಬದುಕಿದ್ದಾಗ ಕೆಮ್ಮಿದ್ರೂ ಯಾರೂ ಕೇಳದೇ ಇದ್ದ ಕೋಳಿಗೆ ಸತ್ತ ಮೇಲೆ ಎಕ್ಸ್‌ರೇ! ನಮಗೆ ಬೌರಿಂಗ್ ಆಸ್ಪತ್ರೇಲಿ ಬೆಳಗ್ಗೆಯಿಂದ ಲೈನ್.

ಪ್ರತಿ ಪ್ಯಾಕೆಟ್ ಮೇಲೂ ಬಿಡಿಸಿದವರ ಟೇಬಲ್ ನಂಬರ್ ಚೀಟಿ ಅಂಟಿಸ್ತಾರೆ. ಸಂಜೆ ಕೆಂಪು ಪೆಟ್ಟಿಗೆ ತೆಗೆದು ಯಾವ ಟೇಬಲಿನದು ಎಷ್ಟು ಅಂತ ಗೇಟಿನ ಹತ್ತಿರ ಬೋರ್ಡಿನಲ್ಲಿ ಬರೀತಾರೆ. ಜಾಸ್ತಿ ಆದವರು ಚಾಕು ಇಟ್ಟು ಕ್ರೇಟ್ ತೊಳೆಯೋಕೆ ಹೋಗಬೇಕು ಅಂತ ಮಾರಿಯಾ ಮೇಡಂ ಹೇಳಿದ್ದಾರೆ. ಪಕ್ಕದ ಟೇಬಲಿನ ಚಿಕ್ಕಮುನಿಯಪ್ಪನಿಗೆ ಭೇದಿ ಹಿಡಿದುಬಿಟ್ಟಿದೆ. ನನಗೇನು ಭಯ? ರಸೆಲ್ ಮಾರ್ಕೆಟಿನಲ್ಲಿ ಮೀಸೆ ಬರೋಕೆ ಮುಂಚೆಯಿಂದ ಚಾಕು ಹಿಡಿದೋನು ನಾನು. 'ಇನಾಯತ್ ಬೆರಳಿಗೆ ಕಣ್ಣಿದೆ' ಅಂತ ನೀನೇ ಹೇಳ್ತಿದ್ದೆ. ಬೋರ್ಡು ನೋಡಿದ್ರೆ ನನ್ನ ಟೇಬಲಿನ ಮುಂದೆ ದಿನಾ ಒಂದು ದುಂಡಗಿನ ಸೊನ್ನೆ. ಇಡೀ ಜನ್ಮದಲ್ಲಿ ಸೊನ್ನೆ ತಗೊಂಡು ಖುಷಿಪಟ್ಟಿದ್ದು ಇದೇ ಮೊದಲು.

ಇಲ್ಲೀವರೆಗೂ ನಗು, ಪರವಾಗಿಲ್ಲ. ಇಲ್ಲಿಂದ ನಗಬೇಡ.

ಮೆಷಿನ್ ಮುಂದೆ ಕೂತು ಟಿವಿ ನೋಡೋಕೆ ಇಬ್ಬರು ಬೇಕಿತ್ತು. ಒಬ್ಬ ಆಪರೇಟರ್ ಕಿರಣಕುಮಾರ, ನಿಮ್ಮ ಕಡೆಯವನೇ, ಕಲಬುರಗಿ. ಮೂವತ್ತರ ಆಸುಪಾಸು, ಮದುವೆ ಆಗಿಲ್ಲ, ತಲೆಗೆ ಬಲೆಟೋಪಿ ಹಾಕ್ಕೊಂಡ್ರೂ ಒಳಗೆ ಕ್ರಾಪು ಕಾಣೋ ಹಾಗೆ ಹಾಕ್ಕೋತಾನೆ. ಇನ್ನೊಬ್ಬರನ್ನ ಪ್ಯಾಕಿಂಗ್‌ನಿಂದ ಆರಿಸ್ತೀವಿ ಅಂದ್ರು. 'ಮಾತು ಕಡಿಮೆ ಇರಬೇಕು, ಕಣ್ಣು ಅಲ್ಲಾಡಬಾರದು' ಅಂದ್ರು ಮಾರಿಯಾ ಮೇಡಂ. ನಮ್ಮ ಮನೇಲಿ ಇರೋ ಬರೋ ಮಾತೆಲ್ಲ ನಾನೇ ಖರ್ಚು ಮಾಡಿಬಿಡ್ತೀನಿ. ಹಾಗಾಗಿ ಆರಿಸಿದ್ದು ಯಾರನ್ನ ಗೊತ್ತಾ? ನಿನ್ನ ಶರ್ಫುನ್ನೀಸಾ ಅತ್ತಿಗೇನ.

ಮೊದಲನೇ ದಿನ ನಾನೇ ಎಲ್ಲರಿಗೂ ದಿಲ್‌ಪಸಂದ್ ಹಂಚಿದೆ. ಎರಡನೇ ದಿನದಿಂದ ಹೊಟ್ಟೆ ಉರಿ ಶುರುವಾಯ್ತು. ಅವಳು ಗಾಜಿನ ರೂಮಿನಲ್ಲಿ, ತಿರುಗೋ ಕುರ್ಚಿ ಮೇಲೆ. ನಾನು ಹೊರಗೆ, ಗಮ್‌ಬೂಟಿನಲ್ಲಿ, ಕೋಳಿ ನೀರಿನಲ್ಲಿ ನಿಂತ್ಕೊಂಡು. 'ಏನ್ ಭಾಯ್, ಅಕ್ಕ ಟಿವಿ ನೋಡ್ಕೊಂಡು ಸಂಬಳ ಎತ್ತವ್ರೆ, ಸೀರಿಯಲ್ ಏನಾದ್ರೂ ಬತ್ತದಾ ಅದ್ರಲ್ಲಿ?' ಅಂತಾನೆ ಚಿಕ್ಕಮುನಿಯಪ್ಪ. 'ಬರುತ್ತೆ ಗುರು, ನಿನ್ನ ಮೂಳೆ ಸೀರಿಯಲ್ಲು, ಮುಗಿಯೋದೇ ಇಲ್ಲ' ಅಂತೀನಿ. ಎಲ್ಲರೂ ನಗ್ತಾರೆ. ನಾನು ಗಾಜಿನ ಕಡೆ ನೋಡ್ತೀನಿ. ಅವಳು ಈ ಕಡೆ ನೋಡೋದೂ ಇಲ್ಲ.

ಆ ಕಿರಣಕುಮಾರ ಅವಳನ್ನ 'ಶರ್ಫು ಮೇಡಂ' ಅಂತ ಕರೀತಾನೆ. ಮೇಡಂ! ಮದುವೆಯಾಗಿ ಇಷ್ಟು ವರ್ಷ ನನಗೆ ಹೊಳೀಲಿಲ್ಲವಲ್ಲ ಆ ಪದ. ಮನೇಲಿ ಒಂದು ದಿನ ನಾನೂ ಕರೆದು ನೋಡಿದೆ, 'ಶರ್ಫು ಮೇಡಂ, ಸ್ವಲ್ಪ ಚಟ್ನಿ' ಅಂತ. 'ಹುಷಾರಿಲ್ವಾ?' ಅಂತ ಹಣೆ ಮುಟ್ಟಿ ನೋಡಿದ್ಲು.

ಇನ್ನೊಂದು ಕೇಳು. ಕೆಂಪು ಪೆಟ್ಟಿಗೆ ಬೀಗದ ಕೈ ಅವಳ ಹತ್ತಿರ. ಒಂದು ನೀಲಿ ದಾರದಲ್ಲಿ ಕತ್ತಿಗೆ ಹಾಕ್ಕೋತಾಳೆ. ಕಂಪನಿ ರೂಲ್ ನಿನಗೆ ಗೊತ್ತಲ್ಲ, ಒಳಗೆ ಬಳೆ, ಉಂಗುರ, ಸರ ಏನೂ ಇರಬಾರದು. ದಿನಾ ಬೆಳಗ್ಗೆ ಗೇಟಿನ ಹತ್ತಿರ ಕರಿಮಣಿ ಬಿಚ್ಚಿ ಲಾಕರಿನಲ್ಲಿಟ್ಟು, ಆ ಬೀಗದ ಕೈ ತಗಲಿಸ್ಕೊಂಡು ಹೋಗ್ತಾಳೆ. ನಾನು ಕಟ್ಟಿದ್ದು ಲಾಕರಿನಲ್ಲಿ, ಕಂಪನಿ ಕೊಟ್ಟದ್ದು ಕತ್ತಿನಲ್ಲಿ. ಇದನ್ನ ನಾನು ಜೋಕಾಗಿ ಇಡೀ ಕ್ಯಾಂಟೀನಿಗೆ ಹೇಳಿದೆ. ಹೇಳಿದ ಮೇಲೆ ಯಾಕೋ ಅನ್ನ ಸೇರಲಿಲ್ಲ.

ಮಧ್ಯಾಹ್ನ ಲೋಡಿಂಗ್ ಮೆಟ್ಟಿಲ ಮೇಲೆ ನಾವು ಮೂವರೂ ಊಟ ಮಾಡ್ತಿದ್ದದ್ದು ನೆನಪಿದೆಯಾ? ನೀನು ಹೋದ ಮೇಲೂ ನಾವಿಬ್ಬರು ಅಲ್ಲೇ ಕೂರ್ತಿದ್ವಿ. ಈಗ ಡಬ್ಬಿ ನನ್ನ ಕೈಗೆ ಕೊಟ್ಟು, 'ನೀವು ತಿನ್ನಿ ಜೀ, ಒಳಗೆ ಕೆಲಸ ಇದೆ' ಅಂತಾಳೆ. ಲಂಚ್ ಹೊತ್ತಿನಲ್ಲಿ ಬೆಲ್ಟೇ ಓಡಲ್ಲ, ಏನು ಕೆಲಸ? ಗಾಜಿನ ರೂಮಿನಲ್ಲಿ ಅವಳೂ ಅವನೂ ಇಬ್ಬರೇ. ಪೆಟ್ಟಿಗೆ ಹಿಂದೆ ಬಗ್ಗಿ ಏನೋ ಪಿಸಪಿಸ ಮಾತು. ಸಂಜೆ ಬಸ್ಸಿನಲ್ಲಿ ಪಕ್ಕ ಕೂತಾಗ ಅವಳ ಕೈ ಹಸಿ ಮಾಂಸದ ವಾಸನೆ ಹೊಡೆಯುತ್ತೆ. ಟಿವಿ ನೋಡೋಳ ಕೈಗೆ ಮಾಂಸದ ವಾಸನೆ ಎಲ್ಲಿಂದ? ಕೇಳಿದೆ. 'ಕಂಪನಿ ಪೂರ್ತಿ ಅದೇ ವಾಸನೆ ಅಲ್ವಾ' ಅಂದು ಕಿಟಕಿ ಕಡೆ ತಿರುಗಿದ್ಲು.

ಅದೂ ಹೋಗಲಿ. ಕಳೆದ ಬುಧವಾರ ನಾನು ಲೋಡಿಂಗ್ ಕಡೆಯಿಂದ ಬರ್ತಾ ಗಾಜಿನಲ್ಲಿ ಇಣುಕಿದೆ. ಅವಳು ನಗ್ತಿದ್ಲು. ಬಾಯಿಗೆ ಕೈ ಅಡ್ಡ ಇಟ್ಕೊಂಡು, ಭುಜ ಕುಣಿಸ್ಕೊಂಡು, ಕಣ್ಣೊರೆಸ್ಕೊಂಡು ನಗ್ತಿದ್ಲು. ಆ ಕಿರಣಕುಮಾರ ಮೇಜು ಬಡೀತಿದ್ದ. ಗಾಜು ದಪ್ಪ, ಒಂದು ಅಕ್ಷರ ಕೇಳಿಸಲಿಲ್ಲ.

ಅಮರಾ, ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಾನು ನಗಿಸದೇ ಇರೋ ಕಂಡಕ್ಟರ್ ಇಲ್ಲ. ಹೆಣದ ಮನೇಲಿ ನಗಿಸಿ ಬೈಸ್ಕೊಂಡಿದ್ದೀನಿ. ನನ್ನ ಹೆಂಡತಿ ನನ್ನ ಜೋಕಿಗೆ ಅಬ್ಬಬ್ಬಾ ಅಂದ್ರೆ ಮೂಗಿನಲ್ಲಿ ಉಸಿರು ಬಿಡ್ತಾಳೆ. ನೀನೂ ನಾನೂ ಸೇರಿ ಸೂಪರ್‌ವೈಸರ್ ಕೋಟಿನ ಜೇಬಿನಲ್ಲಿ ಕೋಳಿಕಾಲು ಇಟ್ಟದ್ದು, ಅವರು ಪೆನ್ನು ಅಂತ ಅದನ್ನ ತೆಗೆದು ಸಹಿ ಮಾಡೋಕೆ ಹೋದದ್ದು, ಅದಕ್ಕೂ ಅವಳು ನಗಲಿಲ್ಲ. 'ಕೆಲಸ ಹೋದ್ರೆ?' ಅಂದ್ಲು. ಅಂಥವಳನ್ನ ಕಣ್ಣೀರು ಬರೋ ಹಾಗೆ ನಗಿಸೋಕೆ ಕಲಬುರಗಿಯಿಂದ ಒಬ್ಬ ಬರಬೇಕಾಯ್ತು. ಆ ರಾತ್ರಿ 'ಏನು ಅಷ್ಟು ನಗು?' ಅಂದೆ. 'ಏನಿಲ್ಲ, ಸುಮ್ನೆ' ಅಂದ್ಲು.

ಏನು ಜೋಕು ಇರಬಹುದು, ಹೇಳು? ನಿಮ್ಮ ಕಡೆ ಜೋಕು ಅಷ್ಟು ಚೆನ್ನಾಗಿರುತ್ತಾ?

ನನ್ನ ಬಗ್ಗೆ ಚಿಂತೆ ಮಾಡಬೇಡ. ಶುಗರ್ ಇದೆ, ಮಾತ್ರೆ ಇದೆ, ಎರಡೂ ಜೊತೇಲಿ ಸಂಸಾರ ಮಾಡ್ತಿವೆ. ಕೈ ಮಾತ್ರ ಈಗ ಇನ್ನೂ ಗಟ್ಟಿ ಆಗಿದೆ ಕಣೋ. ಕುದಿಯೋ ಚಾ ಲೋಟ ಬರಿಗೈಲಿ ಹಿಡಿದು ನಿಲ್ತೀನಿ, ಕ್ಯಾಂಟೀನಿನವರೆಲ್ಲ ಬಾಯಿ ಬಿಟ್ಕೊಂಡು ನೋಡ್ತಾರೆ. ಚಿಕ್ಕಮುನಿಯಪ್ಪ ಪಂದ್ಯ ಕಟ್ಟಿ ಒಂದು ಪ್ಲೇಟು ಸಮೋಸ ಸೋತ.

ನಾನು ಏನು ಮಾಡಲಿ ಅಂತ ಬರಿ. ಬೇಗ ಬರಿ.

ನಿನ್ನ,
ಇನಾಯತ್ ಉಲ್ಲಾ


ಶಿವಾಜಿನಗರ, ಬೆಂಗಳೂರು
25 ಆಗಸ್ಟ್ 2024, ಭಾನುವಾರ

ಗೆಳೆಯ ಅಮರಪ್ಪನಿಗೆ,

ಸಲಾಂ. ನಿನ್ನ ಕಾಗದ ಬಂತು. ಜೊತೆಗೆ ಕಳಿಸಿದ ಶೇಂಗಾ ಚಟ್ನಿಪುಡಿ ಫಾಯಿಜಾಳ ಪಾಲಾಯ್ತು, ಮಗಳು ಅಂತ ಬಿಟ್ಟೆ. ಉತ್ತರ ಮತ್ತೆ ತಡ. ಈ ಸಲ ತಪ್ಪು ಕೈದಲ್ಲ, ಹೇಗೆ ಬರೀಬೇಕು ಅಂತ ಗೊತ್ತಾಗದೆ ತಡ.

ನೀನು ಬರೆದದ್ದನ್ನ ಮೂರ್ನಾಲ್ಕು ಸಲ ಓದಿದೆ. 'ಲೇ ಇನಾಯತ್ಯಾ, ಹುಚ್ಚಪ್ಯಾಲಿ, ಗಾಜಿನ ಹೊರಗ ನಿಂತು ಹೊಟ್ಟಿ ಉರ್ಕೊಂಡ್ರ ಏನ್ ಬರ್ತದ? ಒಳಗ ಹೋಗು. ಹೋಗಿ ಎದರಾ ಎದರ ನೋಡು.' ಸರಿ, ಒಳಗೆ ಹೋದೆ. ಆಗಿದ್ದೆಲ್ಲ ನಿನ್ನ ತಲೆ ಮೇಲೆ.

ಹೋಗೋಕೆ ಒಂದು ನೆಪ ಬೇಕಲ್ಲ. ಆ ಮೆಷಿನ್ನಿಗೆ ಗಂಟೆಗೊಂದು ಸಲ ಕಣ್ಣು ಪರೀಕ್ಷೆ ಮಾಡ್ತಾರೆ. ಒಂದು ಪ್ಲಾಸ್ಟಿಕ್ ಕಾರ್ಡು, ಅದರೊಳಗೆ ಸಾಸಿವೆಗಿಂತ ಸಣ್ಣ ಸ್ಟೀಲ್ ಗುಂಡು. ಅದನ್ನ ಪ್ಯಾಕೆಟ್ ಮೇಲಿಟ್ಟು ಬಿಡ್ತಾರೆ. ಕಬ್ಬಿಣದ ಕೈ ಅದನ್ನ ಹಿಡಿದು ತಳ್ಳಿದ್ರೆ ಅಳಿಯನ ಕಣ್ಣು ಸರಿಯಾಗಿದೆ ಅಂತ ಅರ್ಥ. ತಳ್ಳದೇ ಇದ್ರೆ ಲೈನ್ ಪೂರ್ತಿ ಬಂದ್. ಹಿಂದಿನ ವಾರದ ಶುಕ್ರವಾರ ಆ ಪರೀಕ್ಷೆ ನಡೆಯೋ ಹೊತ್ತಿಗೆ ನಾನು ಆಗತಾನೇ ಬಿಡಿಸಿದ ಎದೆಮಾಂಸದ ಒಂದು ಪ್ಯಾಕೆಟ್ ಎತ್ಕೊಂಡು ಸೀದಾ ಗಾಜಿನ ರೂಮಿಗೆ ನುಗ್ಗಿದೆ. ಹಿಂದೆ ಚಿಕ್ಕಮುನಿಯಪ್ಪ, ಅವನ ಹಿಂದೆ ಇನ್ನೂ ನಾಲ್ಕು ಜನ. ಭಾಯ್ ಹೋಗ್ತಿದ್ದಾನೆ ಅಂದ್ರೆ ಏನೋ ಮಜಾ ಇದೆ ಅಂತ ಎಲ್ಲರಿಗೂ ಗೊತ್ತಲ್ಲ.

ಒಳಗೆ ಶರ್ಫು, ಕಿರಣಕುಮಾರ, ಮಾರಿಯಾ ಮೇಡಂ ಮೂವರೂ ಇದ್ದರು.

'ಯಾಕ್ರೀ ಭಾಯ್, ಏನಾತು?' ಅಂದ ಕಿರಣಕುಮಾರ.

'ಮೆಷಿನ್ ಕಣ್ಣು ನೋಡ್ತಿದ್ದೀರಲ್ಲ ಸಾರ್, ಹಾಗೇ ನನ್ನ ಕೈನೂ ಒಂದು ಸಲ ನೋಡಿಬಿಡಿ' ಅಂದೆ.

'ಲೈನ್ ವೆಯ್ಟಿಂಗ್‌ನಲ್ಲಿದೆ ಇನಾಯತ್ ಭಾಯ್' ಅಂದ್ರು ಮೇಡಂ. 'ಕಾಮಿಡಿ ಎಲ್ಲ ಲಂಚ್ ಟೈಮಲ್ಲಿ.'

'ಲಂಚ್ ಟೈಮಲ್ಲಿ ಇಲ್ಲಿ ಜಾಗ ಖಾಲಿ ಇರಲ್ಲ ಮೇಡಂ' ಅಂದೆ, ಶರ್ಫು ಕಡೆ ನೋಡ್ಕೊಂಡು. 'ಬೋರ್ಡಿನ ಮೇಲೆ ನನ್ನ ಸೊನ್ನೆ ಒಂಟಿಯಾಗಿ ಕೂತಿದೆ. ಅದಕ್ಕೊಂದು ಫೋಟೋ ತೆಗೆಸೋಣ ಅಂತ. ಒಂದೇ ಒಂದು ಪ್ಯಾಕೆಟ್. ನನ್ನ ಹೆಂಡತಿ ನನ್ನ ಕೈಕೆಲಸ ಎಲ್ಲರ ಮುಂದೆ ಟಿವಿಯಲ್ಲಿ ನೋಡಲಿ.'

ಶರ್ಫು ತಿರುಗೋ ಕುರ್ಚಿಯಿಂದ ಎದ್ದು ನಿಂತ್ಲು. ಮುಖ ಬಿಳಿಚಿಕೊಂಡಿತ್ತು. 'ನಕ್ಕೋ ಜೀ' ಅಂದ್ಲು. ಬೇಡ ಅಂತ. ಮನೇಲಿ ಆಡೋ ಮಾತನ್ನ ಕಂಪನೀಲಿ ಯಾವತ್ತೂ ಆಡಿದವಳಲ್ಲ. ಮತ್ತೆ ಮೆಲ್ಲಗೆ, 'ನಕ್ಕೋ. ಮೇರೀ ಸುನೋ.' ನನ್ನ ಮಾತು ಕೇಳಿ ಅಂತ.

ಅವಳು ಕಿರಣಕುಮಾರನ ಕಡೆ ನೋಡಿದ್ಲು. ಅವನೂ ಅವಳ ಕಡೆ ನೋಡಿದ. ಆ ಒಂದು ನೋಟ ನೋಡಿದ್ರೆ ನೀನೂ ನಾನು ಮಾಡಿದ್ದನ್ನೇ ಮಾಡ್ತಿದ್ದೆ. ನನ್ನ ಹೆಂಡತಿಗೆ ಅವನ ಮುಂದೆ ನನ್ನಿಂದ ನಾಚಿಕೆ ಆಗ್ತಿದೆ ಅನ್ನಿಸ್ತು. ಪ್ಯಾಕೆಟ್ ಬೆಲ್ಟಿನ ಮೇಲೆ ಇಟ್ಟೇಬಿಟ್ಟೆ.

ಪರದೆ ಸರಿದು ಒಳಗೆ ಹೋಯ್ತು. ಟಿವಿಯಲ್ಲಿ ಬೂದಿ ಬಣ್ಣದ ಮೋಡದ ಹಾಗೆ ನನ್ನ ಮಾಂಸ ಬಂತು. ಮೋಡದ ನಡುವೆ ಎರಡು ಕಪ್ಪು ಗೆರೆ. ಮುರಿದ ಬೆಂಕಿಕಡ್ಡಿ ಹಾಗೆ, ಒಂದು ದೊಡ್ಡದು, ಒಂದು ಚಿಕ್ಕದು. ಕಬ್ಬಿಣದ ಕೈ ಬಂತು, ತಳ್ಳಿತು. ಕೆಂಪು ಪೆಟ್ಟಿಗೆಯೊಳಗೆ ದಪ್ ಅಂತು.

ಎಲ್ಲರೂ ಟಿವಿ ಹತ್ತಿರ ಬಗ್ಗಿದ್ರು. ಆಮೇಲೆ ಚಿಕ್ಕಮುನಿಯಪ್ಪ ಕೂಗಿದ, 'ಎಲ್ಡು! ಒಂದು ಸಾಲ್ದು ಅಂತ ಎಲ್ಡು ಮಡಗವ್ನೆ ಕಣ್ರಪ್ಪೋ! ಬೇಕಂತ್ಲೇ ಮಡಗವ್ನೆ!' ಅಷ್ಟೇ, ರೂಮು ಹಾರಿಹೋಯ್ತು. ಒಬ್ಬ ನೆಲದ ಮೇಲೆ ಕೂತೇ ನಕ್ಕ. ಮಾರಿಯಾ ಮೇಡಂ ಕೂಡ, 'ಭಾಯ್, ಯು ಆರ್ ಟೂ ಮಚ್! ಹೋಗಿ, ಹೋಗಿ, ಲೈನ್ ಸ್ಟಾರ್ಟ್ ಮಾಡಿ' ಅಂತ ಕಣ್ಣೊರೆಸ್ಕೊಂಡ್ರು. ಸೂಪರ್‌ವೈಸರ್ ಜೇಬಿಗೆ ಕೋಳಿಕಾಲು ಇಟ್ಟವನು ಪ್ಯಾಕೆಟ್ಟಿಗೆ ಮೂಳೆ ಇಡಲ್ವಾ? ನಾನೂ ಸರ್ಕಸ್ಸಿನವನ ಹಾಗೆ ಬಗ್ಗಿ ನಾಲ್ಕೂ ದಿಕ್ಕಿಗೆ ಸಲಾಂ ಹೊಡೆದೆ. ಕೆ.ಆರ್. ಪುರದಲ್ಲಿ ನಾನು ಹೊಡೆದ ಜೋಕುಗಳಲ್ಲಿ ಇದೇ ದೊಡ್ಡದು ಅಂತ ಇವತ್ತಿಗೂ ಹೇಳ್ತಿದ್ದಾರೆ. ನೀನಿರಬೇಕಿತ್ತು.

ನಗದೇ ಇದ್ದವರು ಇಬ್ಬರೇ. ಕಿರಣಕುಮಾರ ಕಾರ್ಡು ಹಿಡ್ಕೊಂಡು ನೆಲ ನೋಡ್ತಿದ್ದ. ಶರ್ಫು ಖಾಲಿ ಟಿವಿ ನೋಡ್ತಿದ್ಲು.

ಇನ್ನೊಂದು ಸುದ್ದಿ. ನಾಳೆಯಿಂದ ನಾನು ಕ್ರೇಟ್ ತೊಳೆಯೋ ಕಡೆ ಹೋಗ್ತಿದ್ದೀನಿ. ನಾನೇ ಮೇಡಂ ಹತ್ತಿರ ಹೋಗಿ ಕೇಳ್ಕೊಂಡೆ. 'ಬೋರ್ಡಿನಲ್ಲಿ ಸೊನ್ನೆ ಇರೋರು ಯಾಕೆ ಹೋಗ್ತೀರಾ?' ಅಂದ್ರು. 'ಇಡೀ ಜೀವನ ಕೋಳಿ ಬಟ್ಟೆ ಬಿಚ್ಚಿದ್ದು ಸಾಕು ಮೇಡಂ, ಪಾಪ ಹತ್ತುತ್ತೆ' ಅಂದೆ. ನಕ್ಕು ಸಹಿ ಹಾಕಿದ್ರು. ನನ್ನ ಚಾಕು ಚಿಕ್ಕಮುನಿಯಪ್ಪನಿಗೆ ಕೊಟ್ಟೆ. ಅದರ ಬೆನ್ನು ಸ್ವಲ್ಪ ಸವೆದಿದೆ, ಅವನ ಹಾಗೇ.

ಅತ್ತಿಗೆಗೆ ನನ್ನ ಸಲಾಂ ಹೇಳು. ನಿನ್ನ ಬಾಣಲೆ ಯಾವತ್ತೂ ತಣ್ಣಗಾಗದಿರಲಿ, ಬಸ್ಸುಗಳೆಲ್ಲ ತಡವಾಗಿ ಬಂದು ಜನ ನಿನ್ನ ಅಂಗಡಿ ಮುಂದೆಯೇ ಕಾಯಲಿ, ನಿನ್ನ ಮಕ್ಕಳಿಗೆ ಒಳ್ಳೇದಾಗಲಿ ಅಂತ ಶುಕ್ರವಾರದ ನಮಾಜಿನಲ್ಲಿ ಕೇಳಿದ್ದೀನಿ. ಅಲ್ಲಾಹ್ ನಿನ್ನ ಮನೆಯನ್ನ ಚೆನ್ನಾಗಿಟ್ಟಿರಲಿ.

ನಿನ್ನ,
ಇನಾಯತ್ ಉಲ್ಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚೋಕೆ ಕೂತೆ, ಆಗಲಿಲ್ಲ. ಆ ಎರಡು ಮೂಳೆ ನಾನು ಇಟ್ಟದ್ದಲ್ಲ, ಅಮರಾ.

ಆ ಶುಕ್ರವಾರ ಸಂಜೆ ಶಿವಾಜಿನಗರದಲ್ಲಿ ಬಸ್ ಇಳಿದು, ರಸೆಲ್ ಮಾರ್ಕೆಟ್ ಪಕ್ಕ ಬರ್ತಾ ಶರ್ಫು ಬಾಯಿ ಬಿಟ್ಟಳು. ನನ್ನ ಟೇಬಲಿನ ಪ್ಯಾಕೆಟ್ಟುಗಳು ಮೊದಲನೇ ವಾರದಿಂದಲೂ ಕೆಂಪು ಪೆಟ್ಟಿಗೆಗೆ ಬೀಳ್ತಿದ್ದವಂತೆ, ಬೇರೆಯವರದಕ್ಕಿಂತ ಜಾಸ್ತಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದು ಸಲ, ಸಂಜೆ ಎಣಿಸೋಕೆ ಮುಂಚೆ ಇನ್ನೊಂದು ಸಲ ಬೀಗ ತೆಗೆದು, ನನ್ನ ನಂಬರಿನವನ್ನ ಬಿಚ್ಚಿ, ಮೂಳೆ ಹುಡುಕಿ ತೆಗೆದು, ಹೊಸ ಕವರಿಗೆ ಹಾಕಿ, ಮತ್ತೆ ಮೆಷಿನ್ ಒಳಗೆ ಬಿಟ್ಟು ನೋಡ್ತಿದ್ಲು. ಒಂದನ್ನೂ ಹಾಗೇ ಹೊರಗೆ ಬಿಡಲಿಲ್ಲ. ಬೆಲ್ಟ್ ಓಡಿಸಿಕೊಡ್ತಿದ್ದದ್ದು, ಬಾಯಿ ಮುಚ್ಕೊಂಡಿದ್ದದ್ದು ಕಿರಣಕುಮಾರ. ನನ್ನ ಸೊನ್ನೆಗಳೆಲ್ಲ ಅವಳು ಊಟ ಬಿಟ್ಟು ಬರೆದ ಸೊನ್ನೆಗಳು. ಅವಳ ಕೈಗೆ ಮಾಂಸದ ವಾಸನೆ ಅದಕ್ಕೆ.

'ಆ ಬುಧವಾರ ನಗು ಏನಕ್ಕೆ?' ಅಂತ ಆಗಲೂ ಕೇಳಿದೆ ನೋಡು, ನನ್ನ ಬುದ್ಧಿ. 'ಇವೆಲ್ಲ ಯಾಕೆ ಮಾಡ್ತೀರಿ ಮೇಡಂ, ಸಿಕ್ಕಿಬಿದ್ರ ಇಬ್ಬರದೂ ಕೆಲಸ ಹೋಗ್ತದ' ಅಂದನಂತೆ ಅವನು. ಇವಳು ಕೋಳಿಕಾಲಿನ ಕತೆ ಹೇಳಿದ್ಲಂತೆ. 'ಇಂಥ ಮನುಷ್ಯನ್ನ ಕ್ರೇಟ್ ತೊಳೆಯೋ ನೀರಿನ ಪೈಪ್ ಹತ್ತಿರ ಒಬ್ಬನನ್ನೇ ನಿಲ್ಲಿಸಿದ್ರೆ ಏನಾಗಬೇಕು, ನೀವೇ ಹೇಳಿ' ಅಂದ್ಲಂತೆ. ನಮ್ಮ ಜೋಕು ಅಮರಾ! ನನ್ನೆದುರು ನಗದೇ ಬಚ್ಚಿಟ್ಟಿದ್ದ ನಗು, ಅವನೆದುರು ಖರ್ಚು ಮಾಡಿದ್ದಾಳೆ.

ಮರುದಿನ ಶರ್ಫು ನನ್ನನ್ನ ಬೌರಿಂಗ್ ಆಸ್ಪತ್ರೆಗೆ ಕರ್ಕೊಂಡು ಹೋದ್ಲು. ಡಾಕ್ಟರು ಹೇಳಿದ್ರು, ಶುಗರ್ ಬೆರಳ ತುದಿಯ ನರ ತಿಂದುಹಾಕಿದೆ ಅಂತ. ಕಣ್ಣು ಮುಚ್ಚಿಸಿ ಏನೋ ಚುಚ್ಚಿದ್ರು, ಯಾವ ಬೆರಳು ಅಂದ್ರು. ನನಗೆ ಅವರು ಇನ್ನೂ ಶುರು ಮಾಡಿಲ್ಲ ಅನ್ನಿಸಿತ್ತು. ಮನೆಗೆ ಬರ್ತಾ ಶರ್ಫು ನನ್ನ ಕೈಯೊಳಗೆ ಕೈ ಇಟ್ಟಳು. ಇಟ್ಟಿದ್ದಾಳೆ ಅಂತ ನೋಡಿ ಗೊತ್ತಾಯ್ತು.

ನಿನ್ನೆ ಕಿರಣಕುಮಾರನನ್ನ ಮನೆಗೆ ಕರೆಸಿದ್ವಿ. ಶರ್ಫು ಅವನಿಗೂ ನನಗೂ ಒಂದೇ ಪಾತ್ರೆಯಿಂದ ಚಾ ಬಗ್ಗಿಸಿ ಕೊಟ್ಟಳು. ಅವನು 'ಅಯ್ಯಯ್ಯಪ್ಪಾ' ಅಂತ ಲೋಟ ಕೆಳಗಿಟ್ಟು ಬೆರಳು ಊದ್ಕೊಂಡ. ನಾನು ನನ್ನದನ್ನ ಹಿಡ್ಕೊಂಡೇ ಕೂತಿದ್ದೆ. ಅವರಿಬ್ಬರೂ ಗಾಜಿನೊಳಗೆ ಅಷ್ಟು ದಿನ ಇದ್ದಾಗಲೂ ನನಗೆ ಅವನ ಮೇಲೆ, ಆ ಸುಟ್ಟ ಬೆರಳು ನೋಡಿ ಆದಷ್ಟು ಹೊಟ್ಟೆಕಿಚ್ಚು ಆಗಿರಲಿಲ್ಲ.